ಮೇಕೆಯ ಕೊಡೆ ಮತ್ತು ಒಂದು ತಟ್ಟೆ ಸಾರನ್ನ

ತೊಂಬತ್ತರ ದಶಕದಲ್ಲಿ ಲಂಡನ್ನಿನ ಕೆಂಟನ್‌ಗೆ ಬಂದ ಹೊಸತರಲ್ಲಿ ಚಳಿಯನ್ನೂ ಬ್ರೆಡ್ಡನ್ನೂ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ. ಮಗಳಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ನರ್ಸರಿ ಸೇರಿದ ಮೇಲೆ ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್. ಭಾನುವಾರ ಮೈಸೂರಿನಿಂದ ನಮ್ಮಮ್ಮ ಫೋನ್ ಮಾಡಿ "ಏನ್ ಊಟ ಮಾಡ್ದೆ ಪುಟ್ಟಿ?" ಎಂದರೆ, ಇವಳು "ರೈಸ್" ಎಂದು ರಿಸೀವರನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನನ್ನ ಗಂಡ "ದೊಡ್ಡೋಳಾದ್ಮೇಲೆ ಕಲೀತಾಳೆ ಬಿಡೆ" ಎನ್ನುತ್ತಿದ್ದರು. ಆ "ಬಿಡೆ" ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ದುಭಾಷಿಯಾಗಿಯೇ ನಾನು ಮುದುಕಿಯಾಗುತ್ತೇನೆಂದು ಹೆದರಿದ್ದೆ.

ಮನೆ ಹತ್ತಿರದ ಲೈಬ್ರರಿಯಲ್ಲಿ ಒಬ್ಬ ಲೇಖಕಿಯ ಪುಟ್ಟ ಪುಸ್ತಕಗಳಿದ್ದವು. ಎಲ್ಲದರಲ್ಲೂ ಅದೇ ಮುದಿ ಮೇಕೆ. ಒಂದರಲ್ಲಿ ಅದಕ್ಕೆ ಹಲ್ಲುನೋವು, ಇನ್ನೊಂದರಲ್ಲಿ ಬಾಡಿಗೆ ಮನೆಯ ಹುಡುಕಾಟ. ಮಗಳಿಗೆ ಪ್ರಾಣವಾಗಿದ್ದದ್ದು ಕೊಡೆಯ ಕಥೆ. ಮೇಕೆ ಬಸ್ಸಿನಲ್ಲಿ ಕೊಡೆ ಮರೆತು ಇಳಿಯುತ್ತದೆ, ಡಿಪೋಗೆ ಹೋದರೆ ಸಿಗುತ್ತದೆ. ಮುಗಿಯಿತು. ಪುಟಕ್ಕೆ ಒಂದೇ ಸಾಲು.

ನಮ್ಮಲ್ಲಿ ಕಥೆ ಹೇಳುವುದೇ ಊಟ ಮಾಡಿಸಲಿಕ್ಕೆ. ತಟ್ಟೆ ಖಾಲಿಯಾಗುವ ಮೊದಲು ಕಥೆ ಮುಗಿದರೆ ಮಗು ಎದ್ದು ಓಟ. ಆ ಪುಸ್ತಕವೋ ನಾಲ್ಕು ತುತ್ತಿಗೂ ಸಾಲದು. ಅದನ್ನು ಗೋಡೆಗೆ ಒರಗಿಸಿಟ್ಟು, ಸಾರನ್ನ ಕಲೆಸುತ್ತ, ಕನ್ನಡದಲ್ಲಿ ಎಳೆಯತೊಡಗಿದೆ. ಮೇಕೆ ಮೊದಲು ಎಜ್‌ವೇರ್‌ನ ದರ್ಜಿಯನ್ನು ವಿಚಾರಿಸಿತು. ನೆಲದಡಿಯ ಟ್ಯೂಬ್ ರೈಲು ಹತ್ತಿ ತಪ್ಪು ದಿಕ್ಕಿಗೆ ಹೋಯಿತು. ಇಲ್ಫರ್ಡ್‌ನ ನೆಂಟರ ಮನೆಯಲ್ಲಿ ಚಿತ್ರಾನ್ನ ತಿಂದಿತು. ಮೊಸರನ್ನದ ಹೊತ್ತಿಗೆ ಮೈಸೂರಿಗೂ ಹೋಗಿ ಬಂತು. ಕೊಡೆ ಸಿಗುವಷ್ಟರಲ್ಲಿ ಮೇಕೆಗೂ ಸುಸ್ತು, ನನಗೂ ಸುಸ್ತು. ಇನ್ನೂ ಓದಲು ಬಾರದ ಮಗಳು ಪುಸ್ತಕದಲ್ಲಿ ಅಷ್ಟೂ ಇದೆ ಎಂದೇ ನಂಬಿದ್ದಳು.

ಒಂದು ಶನಿವಾರ ಆ ಲೇಖಕಿಯೇ ಲೈಬ್ರರಿಗೆ ಬಂದರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹರೆಯದಲ್ಲಿ ಬಸ್ ಕಂಡಕ್ಟರ್ ಆಗಿದ್ದರಂತೆ. ರಚ್ಚೆ ಹಿಡಿದ ಮಕ್ಕಳನ್ನು ಸುಮ್ಮನಾಗಿಸಲು, ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮುಗಿಯುವ ಕಥೆ ಕಟ್ಟುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ತಾವೇ ಚಿತ್ರ ಬರೆದು ಅವನ್ನು ಪುಸ್ತಕ ಮಾಡಿದರು. ಕಥೆ ಉದ್ದವಾದರೆ ಮಗು ಅರ್ಧಕ್ಕೇ ಇಳಿದುಹೋಗುತ್ತದಲ್ಲ ಎಂದು ನಕ್ಕರು. ನಾನೂ ನಕ್ಕೆ. ಅವರು ಕೊಡೆಯ ಪುಸ್ತಕ ಎತ್ತಿಕೊಂಡಾಗ ನನ್ನ ನಗು ನಿಂತಿತು.

ಡಿಪೋ ಬಂತು, ಕೊಡೆ ಸಿಕ್ಕಿತು, ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಮಗಳು ಎದ್ದು ನಿಂತಳು.

"ಯೂ ಮಿಸ್ಡ್ ಲಾಟ್ಸ್!"

ನಾನು ಕೋಟು ಹಿಡಿದು ಎಳೆದೆ. ಕೂರಲಿಲ್ಲ. ಲೇಖಕಿ ತಮ್ಮದೇ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿದರು. ಆಮೇಲೆ, ಬಿಟ್ಟುಹೋದದ್ದನ್ನು ನೀನೇ ಹೇಳು ಎಂದು ಕುರ್ಚಿ ಬಿಟ್ಟುಕೊಟ್ಟು, ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಮಕ್ಕಳ ಜೊತೆ ಕೂತರು.

ಮಗಳು ಕುರ್ಚಿ ಹತ್ತಿ "ದೆನ್ ದಿ ಗೋಟ್..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟಳು. ಆ ಕಥೆ ಅವಳಿಗೆ ಇಂಗ್ಲಿಷಿನಲ್ಲಿ ಗೊತ್ತೇ ಇರಲಿಲ್ಲ. ಇನ್ನೇನು ಅತ್ತುಬಿಡುತ್ತಾಳೆ ಎಂದುಕೊಂಡೆ.

"ಆಮೇಲೆ ಮೇಕೆ ದರ್ಜಿ ಹತ್ರ ಹೋಯ್ತು," ಎಂದಳು. "'ರೀ, ನನ್ ಕೊಡೆ ನೋಡಿದ್ರಾ?' ಅಂತು. ಅವ್ರು 'ಇಲ್ವಲ್ಲಮ್ಮಾ' ಅಂದ್ರು."

ಟ್ಯೂಬು, ಚಿತ್ರಾನ್ನ, ಮೈಸೂರು, ಒಂದನ್ನೂ ಬಿಡಲಿಲ್ಲ. ನಡುನಡುವೆ ನನ್ನದೇ ರಾಗದಲ್ಲಿ "ಆ ಮಾಡು, ಆ..." ಎಂದು ಎದುರಿಗಿದ್ದವರಿಗೆಲ್ಲ ಬರಿಗೈಯಲ್ಲೇ ತುತ್ತು ಕೊಟ್ಟಳು. ಲೇಖಕಿ ಬಾಯಿ ತೆರೆದರು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಲ್ಲಾದರೂ ಒಂದು ಮಾತು ಮರೆತರೆ ಹೇಳಿಕೊಡೋಣವೆಂದು ಮುಂದಕ್ಕೆ ಬಾಗಿ ಕಾಯುತ್ತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.