ಮಡಿಯಲ್ಲಿದ್ದ ಡಿಶ್‌ವಾಶರ್

ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಯಾರಾದರೂ "ಡಿಶ್‌ವಾಶರ್ ತೆಗೆದುಕೊಳ್ಳಬೇಕು, ಯಾವ ಕಂಪನಿಯದು ಒಳ್ಳೆಯದು?" ಎಂದು ಕೇಳಿದರೆ ನಾನು ಫೋನನ್ನು ಕವುಚಿ ಹಾಕುತ್ತೇನೆ. ಉತ್ತರ ಗೊತ್ತಿಲ್ಲದೆ ಅಲ್ಲ. ಪಾತ್ರೆ ಚೆನ್ನಾಗಿ ತೊಳೆಯುತ್ತದೆಯೇ ಎಂದರೆ ತೊಳೆಯುತ್ತದೆ. ಗದ್ದಲ ಮಾಡುತ್ತದೆಯೇ ಎಂದರೆ ಇಲ್ಲ. ಬಾಳಿಕೆ ಬರುತ್ತದೆಯೇ ಎಂದು ಕೇಳುವಾಗ ಮಾತ್ರ, ಯಾರ ಬಾಳಿಕೆ ಎಂದು ತಿರುಗಿ ಕೇಳಬೇಕೆನ್ನಿಸುತ್ತದೆ. ಕೂಡಲೇ ಒದ್ದೆ ಸೀರೆಯ ಅತ್ತೆ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಆ ಯಂತ್ರ ಗುಂಯ್ ಎನ್ನುತ್ತಿರುತ್ತದೆ.

ಚೆಂಬೂರಿನ ಹಳೆಯ ಕಾಲನಿಯೊಂದರಲ್ಲಿ ನಮ್ಮ ಮನೆ. ಮದುವೆಯಾಗಿ ಉಡುಪಿಯ ಕಡೆಯಿಂದ ಇಲ್ಲಿಗೆ ಬಂದ ಅತ್ತೆ ಅಂದಿನಿಂದ ಇದೇ ಅಡುಗೆಮನೆಯನ್ನು ಆಳುತ್ತ ಬಂದವರು. ನನ್ನ ಗಂಡ ಪವಾಯಿಯ ಆಫೀಸಿಗೆ ಹೋಗುತ್ತಾರೆ, ನಾನು ಪರೇಲಿನ ಆಸ್ಪತ್ರೆಯೊಂದರ ಕಚೇರಿಗೆ. ಪಾತ್ರೆಗಳ ರಾಶಿ ನಮ್ಮಿಬ್ಬರಿಗಿಂತ ಮೊದಲೇ ಮನೆ ತಲುಪಿರುತ್ತಿತ್ತು. ಯಂತ್ರ ಕೊಳ್ಳೋಣ ಎಂದು ತೀರ್ಮಾನವಾದ ಮೇಲೆ ಗಂಡ ಇಂಟರ್ನೆಟ್ಟಿನಲ್ಲಿ ಬಳಕೆದಾರರ ಅನುಭವಗಳನ್ನು ಪುರಾಣ ಪಠಣದಂತೆ ನಮಗೆ ಓದಿ ಹೇಳತೊಡಗಿದರು. ಒಂದು ಕಂಪನಿಯ ಹೆಸರು ಜರ್ಮನಿಯದ್ದು, ಸರ್ವಿಸಿನವರು ಮಾತ್ರ ಜರ್ಮನಿಯಿಂದಲೇ ನಡೆದು ಬರುತ್ತಾರೇನೋ ಎಂಬಷ್ಟು ತಡ. ಇನ್ನೊಂದರಲ್ಲಿ ನಮ್ಮ ಕಡಾಯಿ ಹಿಡಿಸುವುದಿಲ್ಲ. ಒಬ್ಬಾತ ಐದು ನಕ್ಷತ್ರ ಕೊಟ್ಟು "ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ" ಎಂದು ಬರೆದಿದ್ದ. ಒಬ್ಬಾಕೆ ಒಂದೇ ನಕ್ಷತ್ರ ಕೊಟ್ಟಿದ್ದಳು. ಯಂತ್ರ ಚೆನ್ನಾಗಿದೆಯಂತೆ, ಆದರೆ ಅದಕ್ಕೆ ಪಾತ್ರೆ ತುಂಬುವ ಕೆಲಸವೂ ತನ್ನದೇ ಆಗಿದೆಯಂತೆ.

ಅತ್ತೆಯ ಪ್ರಶ್ನೆಗೆ ಯಾವ ಅನುಭವಸ್ಥರಲ್ಲೂ ಉತ್ತರವಿರಲಿಲ್ಲ.

"ದೇವರ ನೈವೇದ್ಯದ ಪಾತ್ರೆ, ನಿಮ್ಮ ಎಂಜಲು ಬಟ್ಟಲು, ಎಲ್ಲ ಒಂದೇ ಪೆಟ್ಟಿಗೆಯಲ್ಲಾ?"

"ಎರಡು ಅಟ್ಟ ಉಂಟಮ್ಮ," ಎಂದರು ಗಂಡ. "ಮೇಲಿನದು ಮಡಿಗೆ, ಕೆಳಗಿನದು ಎಂಜಲಿಗೆ. ನೀರು ಮೇಲಿಂದ ಕೆಳಗೆ ತಾನೇ ಹೋಗುವುದು?"

ಅತ್ತೆ ಒಪ್ಪಿದರು. ಆ ಯಂತ್ರದಲ್ಲಿ ನೀರು ಕೆಳಗಿಂದಲೇ ಮೇಲಕ್ಕೆ ಚಿಮ್ಮುತ್ತದೆ ಎಂಬ ವಿಷಯವನ್ನು ನಾವಿಬ್ಬರೂ ನುಂಗಿಕೊಂಡೆವು.

ಅಡುಗೆಮನೆಯ ತುದಿಯಲ್ಲಿ, ಹಿಂದೆ ರುಬ್ಬುವ ಗ್ರೈಂಡರಿಗೆಂದು ಹಾಕಿಸಿದ್ದ ಪ್ಲಗ್ಗಿಗೆ ಅದನ್ನು ಜೋಡಿಸಿದರು. ಪ್ಲಗ್ಗಿನಲ್ಲಿ ಮೂರು ತೂತುಗಳಿದ್ದವು. ಮೂರನೆಯ ತೂತಿನ ಹಿಂದೆ ಅರ್ಥಿಂಗ್ ತಂತಿ ಇದೆಯೇ ಎಂದು ಯಾರೂ ನೋಡಲಿಲ್ಲ. ಇರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆ ಯಂತ್ರದ ಸ್ಟೀಲ್ ಮೈಯಲ್ಲಿ ಹರಿಯುತ್ತಿದ್ದದ್ದು ಬರೀ ಕರೆಂಟು. ಆದರೆ ಆ ಪದ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುವ ಮೊದಲು ಇನ್ನೊಂದು ಪದ ಬಂದುಬಿಟ್ಟಿತು.

ಮೊದಲು ಮುಟ್ಟಿದ್ದು ಮನೆಗೆಲಸಕ್ಕೆ ಬರುವಾಕೆ. ವಿಜಯಪುರದ ಕಡೆಯವಳು, ಮಾತಿನಲ್ಲಿ ಖಡಕ್ಕು. ಪಾತ್ರೆ ತೊಳೆಯುವ ಕೆಲಸ ತಪ್ಪಿ ಕಸ ನೆಲ ಮಾತ್ರ ಉಳಿದಿದ್ದರಿಂದ ಯಂತ್ರದ ಮೇಲೆ ಅವಳಿಗೆ ಮೊದಲೇ ಅಸಮಾಧಾನ. ಒದ್ದೆ ಬಟ್ಟೆಯಿಂದ ಅದರ ಬಾಗಿಲು ಒರೆಸಹೋಗಿ "ಯವ್ವಾ!" ಎಂದು ಕೈ ಎಳೆದುಕೊಂಡಳು.

"ಅಕ್ಕಾರ, ಇದು ಜುಮ್ ಅಂತ ಕಡೀತೈತ್ರಿ. ನನ್ನ ಕೆಲಸಾನೂ ಕಸಕೊಂಡು ನನಗ ಕಡೀತೈತಿ ನೋಡ್ರಿ!"

ಅತ್ತೆ ಬಂದರು. ಮಂಡಿನೋವಿಗೆ ಡಾಕ್ಟರು ಹೇಳಿದ ದಪ್ಪ ರಬ್ಬರ್ ಚಪ್ಪಲಿ ಅವರ ಕಾಲಲ್ಲಿತ್ತು. ಅಡುಗೆಮನೆಗೆ ಚಪ್ಪಲಿ ತರುವ ಬಗ್ಗೆ ಅವರು ದೇವರೊಂದಿಗೆ ಆಗಲೇ ಮಾತಾಡಿ ಮುಗಿಸಿದ್ದರು: ಚರ್ಮವಾದರೆ ಮೈಲಿಗೆ, ರಬ್ಬರೆಂದರೆ ಮರದ ಹಾಲು, ಹಾಲಿಗೆಂತ ಮೈಲಿಗೆ? ಅವರು ಯಂತ್ರದ ಮೇಲೆ ಅಂಗೈ ಊರಿದರು, ಎಮ್ಮೆಯ ಬೆನ್ನು ತಡವಿದ ಹಾಗೆ ಸವರಿದರು.

"ಎಂತ ಇಲ್ಲ ಮಾರಾಯ್ತಿ. ಸುಮ್ಮನೆ ಬೊಬ್ಬೆ ಹಾಕುವುದು."

ನಾನು ಮುಟ್ಟಿದೆ. ಬೆರಳ ತುದಿಯಿಂದ ಮೊಣಕೈವರೆಗೆ ಇರುವೆಸಾಲು ಓಡಿದಂತಾಯಿತು.

"ನೀನು ಮಿಂದಿದ್ದೀಯಾ?" ಅತ್ತೆ ಕೇಳಿದರು.

"ಇಲ್ಲ."

"ಅಷ್ಟೇ ವಿಷಯ. ಅದು ಮಡಿಯಲ್ಲುಂಟು."

ತಮಾಷೆಗೆ ಹೇಳಿದರೆಂದುಕೊಂಡೆ. ಮರುದಿನ ನಾನು ಸ್ನಾನ ಮಾಡಿಯೇ ಮುಟ್ಟಿದೆ. ಜುಮ್ಮೆಂದಿತು. "ತಲೆಗೆ ಮಿಂದಿಲ್ಲವಲ್ಲ," ಎಂದರು ಅತ್ತೆ. ಗಂಡ ಬಚ್ಚಲಿನಿಂದ ಹವಾಯಿ ಚಪ್ಪಲಿಯಲ್ಲೇ ಬಂದು ಮುಟ್ಟಿದರು, ಏನೂ ಆಗಲಿಲ್ಲ. ಅತ್ತೆ ಮಗನನ್ನು ಹೆಮ್ಮೆಯಿಂದ ನೋಡಿದರು. ಕೆಲಸದಾಕೆ ಕೇಳಿಸಿಕೊಂಡು ಕೆಂಡವಾದಳು.

"ಮುಂಜಾನೆ ನಾಕಕ್ಕ ಎದ್ದು ಜಳಕ ಮಾಡೇ ಬಂದೀನ್ರಿ ನಾ!"

"ಮಿಂದದ್ದು ಹೌದು, ಆದರೆ ಲೋಕಲ್ ರೈಲಿನಲ್ಲಿ ಬಂದದ್ದಲ್ಲವಾ? ಎಷ್ಟು ಜನ ತಾಗಿರುತ್ತಾರೆ."

ಅವಳು ಯಂತ್ರವನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿದಳು. "ಹೊಸದಾಗಿ ಬಂದೈತಿ, ಇದಕ್ಕೂ ಗೊತ್ತಾತೇನ್ರಿ ನಾ ಯಾರಂತ?" ಎಂದು ಕೇಳಿ, ಅಂದಿನಿಂದ ಅದರ ಸುತ್ತ ಒಂದು ಮೊಳ ಜಾಗ ಬಿಟ್ಟು ನೆಲ ಒರೆಸತೊಡಗಿದಳು. ಆ ಪ್ರಶ್ನೆಗೆ ನಾನು ನಗಲಾರದೆ ಹೋದೆ.

ಕಂಪನಿಗೆ ದೂರು ಕೊಟ್ಟೆವು. ಬಂದಾತ ಬಹಳ ಸಭ್ಯ. ನಮ್ಮ ನೆಲ ಕೊಳೆಯಾಗಬಾರದೆಂದು ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡೇ ಒಳಗೆ ಬಂದ. ಯಂತ್ರವನ್ನು ಅಪ್ಪಿ ಹಿಡಿದು ಅಲುಗಾಡಿಸಿ ನೋಡಿ, "ಕುಛ್ ನಹೀ ಹೈ ಮೇಡಂ, ಏಕ್‌ದಮ್ ಬಢಿಯಾ," ಎಂದ.

"ನೋಡು," ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ಮಿಂದೇ ಬಂದಿದ್ದಾನೆ, ಪಾಪ."

ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ಯಾರಿಗೆ ಹೊಡೆಯುತ್ತದೆ, ಯಾರಿಗೆ ಇಲ್ಲ ಎಂದು ನಾವೆಲ್ಲ ಮುಖ ನೋಡಿ, ಬೈತಲೆ ನೋಡಿ, ಒದ್ದೆ ಕೂದಲು ನೋಡಿ ಲೆಕ್ಕ ಹಾಕುತ್ತಿದ್ದೆವು. ಪಾದ ನೋಡಬೇಕೆಂದು ನನಗೂ ಹೊಳೆಯಲಿಲ್ಲ.

ಸುದ್ದಿ ಬಿಲ್ಡಿಂಗಿನಲ್ಲಿ ಹಬ್ಬಿತು. ಡಿಶ್‌ವಾಶರ್ ನೋಡಲೆಂದು ಬರುವವರು ಚಪ್ಪಲಿಯನ್ನು ಹೊರಗೆ ಬಿಟ್ಟು ಭಕ್ತಿಯಿಂದ ಬರಿಗಾಲಲ್ಲಿ ಒಳಬಂದು ಒಬ್ಬೊಬ್ಬರಾಗಿ ಅದನ್ನು ಮುಟ್ಟಿ ಹೌಹಾರಿದರು. ಮೇಲಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ‘ಕಾಕು’ ಎಂದು ಕರೆಯುವವರು, ಸಂಕಷ್ಟಿ ಉಪವಾಸದ ದಿನವೇ ಧೈರ್ಯವಾಗಿ ಮುಟ್ಟಿದರು. ಜುಮ್ಮೆಂದದ್ದೇ ಅವರ ಮುಖ ಸಪ್ಪಗಾಯಿತು. ಸ್ಟೇಶನ್ನಿನಲ್ಲಿ ಒಂದು ವಡಾಪಾವ್ ತಿಂದದ್ದನ್ನು ನಮ್ಮ ಅಡುಗೆಮನೆಯಲ್ಲೇ ನಿಂತು ಒಪ್ಪಿಕೊಂಡರು. ಬಂದವರು ಯಾರೂ ಪಾಸಾಗದ ಪರೀಕ್ಷೆಯಲ್ಲಿ ಅತ್ತೆ ಮಾತ್ರ ದಿನವೂ ಪಾಸಾಗುತ್ತಿದ್ದರು. ಅವರ ನಡಿಗೆಯಲ್ಲೇ ಒಂದು ಗಾಂಭೀರ್ಯ ಬಂದುಬಿಟ್ಟಿತ್ತು.

ಆಮೇಲೆ ಆ ಭಾನುವಾರ.

ನಾನಿನ್ನೂ ಸ್ನಾನ ಮಾಡಿರಲಿಲ್ಲ. ಹಾಲ್‌ನಲ್ಲಿ ಕಾಫಿ ಹಿಡಿದು ಕುಳಿತಿದ್ದೆ, ಗಂಡ ಪೇಪರಿನ ಹಿಂದೆ ಇದ್ದರು. ಅಡುಗೆಮನೆಯಲ್ಲಿ ಯಂತ್ರ ಓಡುತ್ತಿತ್ತು. ಒಳಗಿನಿಂದ ಅತ್ತೆಯ ಸ್ವರ ಬಂತು: "ಅಯ್ಯೋ ದೇವರೇ, ನನಗೂ ಹೊಡೆಯಿತು!"

ಓಡಿ ಹೋದೆ. ಗಾಬರಿಗಿಂತ ಹೆಚ್ಚಾಗಿ ಅವಮಾನ ಆದವರಂತೆ ನಿಂತಿದ್ದರು.

"ಬೆಳಿಗ್ಗೆ ಮಿಂದ ಮೇಲೆ ಹಾಲಿನ ಪ್ಯಾಕೆಟ್ ಮುಟ್ಟಿದೆ ನೋಡು, ಅದೇ ಆಗಿರಬೇಕು. ಯಾರ್ಯಾರ ಕೈ ದಾಟಿ ಬಂದದ್ದೋ." ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದರು. "ತಾಗಬೇಡ. ಇನ್ನೊಮ್ಮೆ ಮಿಂದು ಬರುತ್ತೇನೆ."

ಬಚ್ಚಲಿಗೆ ಹೋದರು. ನಾನು ಕಾಫಿಗೆ ಮರಳಿದೆ. ಹೌದು, ಮರಳಿದೆ, ಎರಡು ಗುಟುಕು ಕುಡಿದೆ ಕೂಡ. ಇವತ್ತಿಗೂ ಆ ಎರಡು ಗುಟುಕು ಮರೆತಿಲ್ಲ.

ಲೋಟ ಇಡಲೆಂದು ಎದ್ದಾಗ ಅಡುಗೆಮನೆಯ ಬಾಗಿಲ ಮೂಲೆಯಲ್ಲಿ ಅತ್ತೆಯ ರಬ್ಬರ್ ಚಪ್ಪಲಿ ಕಂಡಿತು. ಒಂದರ ಪಟ್ಟಿ ಕಿತ್ತುಹೋಗಿತ್ತು. ಅದನ್ನು ನೋಡುತ್ತ ನಿಂತೆ. ಗಂಡನ ಹವಾಯಿ ಚಪ್ಪಲಿ. ಕಂಪನಿಯವನ ಬೂಟು. ಹೊರಗೆ ಸಾಲಾಗಿ ಬಿಟ್ಟ ಬಿಲ್ಡಿಂಗಿನವರ ಚಪ್ಪಲಿಗಳು. ಎಲ್ಲ ಒಟ್ಟಿಗೆ ತಲೆಗೆ ಬಂದವು. ತಲೆ ಎತ್ತಿದರೆ, ಅತ್ತೆ ಆಗಲೇ ಒಳಗಿದ್ದರು. ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡು, ಒದ್ದೆ ಮಡಿಯಲ್ಲಿ, ಬರಿಗಾಲಲ್ಲಿ. ಸೀರೆಯ ಅಂಚಿನಿಂದ ನೀರು ಇಳಿದು ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಕೆರೆಯಾಗುತ್ತಿತ್ತು. ಬಲಗೈ ಮುಂದೆ ಚಾಚಿತ್ತು.

"ಅತ್ತೆ, ಮುಟ್ಟಬೇಡಿ! ಕರೆಂಟು!"

ತಿರುಗಿ ದೀಪ ನೋಡಿದರು. "ಕರೆಂಟು ಉಂಟಲ್ಲ, ಲೈಟು ಉರಿಯುತ್ತಾ ಉಂಟು."

"ಅದರ ಮೈಯಲ್ಲಿ ಕರೆಂಟು!" ಎನ್ನುತ್ತ ನಾನು ಮುಂದೆ ಹೋದೆ.

"ತಾಗಬೇಡ ಅಂದೆನಲ್ಲ! ಮೀಯದವಳು!" ಎನ್ನುತ್ತ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಎಂದರೆ ಯಂತ್ರದ ಕಡೆಗೆ.

ನಮ್ಮ ಅಡುಗೆಮನೆ ರೈಲು ಡಬ್ಬಿಯ ಓಣಿಯಷ್ಟು ಅಗಲ. ಬಾಗಿಲಲ್ಲಿ ನಾನು, ನಡುವೆ ಅತ್ತೆ, ತುದಿಯಲ್ಲಿ ಅದು. ನಾನು ಇನ್ನೊಂದು ಹೆಜ್ಜೆ ಇಟ್ಟೆ, ಅವರು ಇನ್ನೊಂದು ಹೆಜ್ಜೆ ಹಿಂದೆ ಹೋದರು. ಉಳಿಸಹೋದವಳು ನಾನೇ ಅವರನ್ನು ತಳ್ಳುತ್ತಿದ್ದೆ, ಮುಟ್ಟದೆಯೇ. ಒದ್ದೆ ಸೆರಗಿನ ತುದಿಗೂ ಆ ಸ್ಟೀಲ್ ಬಾಗಿಲಿಗೂ ನಡುವೆ ಗೇಣು ಜಾಗವಿತ್ತು. ನಾನು ನಿಂತೆ. ನಿಂತರೆ ಅವರು ತಿರುಗಿ ಕೈ ಚಾಚುತ್ತಾರೆ. ನಡೆದರೆ ಬೆನ್ನು ತಾಗುತ್ತದೆ. ಹೊರಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಓಡಬಹುದಿತ್ತೆಂದು ಈಗ ಮನಸ್ಸಿನಲ್ಲೇ ನೂರು ಸಲ ಓಡಿದ್ದೇನೆ, ಪ್ರತಿ ಸಲವೂ ಹಾಲ್ ದಾಟುವಷ್ಟರಲ್ಲಿ ಒಳಗಿನಿಂದ ಶಬ್ದ ಕೇಳುತ್ತದೆ.

ಅತ್ತೆ ತಿರುಗಿದರು. ಕೈ ಎದ್ದಿತು.

ನನ್ನ ಬಾಯಿಂದ ಬಂದದ್ದು ಇಷ್ಟು: "ಅತ್ತೆ, ಅದರೊಳಗೆ ಮೊಟ್ಟೆ ಉಂಟು!"

ಅವರು ಹಾರಿದ್ದನ್ನು ನಾನು ಮರೆಯಲಾರೆ. ಮಂಡಿನೋವಿನ ಆ ಹೆಂಗಸು ಯಂತ್ರದ ಮುಂದಿನಿಂದ ಒಂದೇ ನೆಗೆತಕ್ಕೆ ನನ್ನ ಪಕ್ಕದಲ್ಲಿ ಬಂದು ಬಿದ್ದರು, ನನ್ನ ಮೀಯದ ಮೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಎಂತದ್ದು? ಎಂತದ್ದು ಹೇಳಿದ್ದು ನೀನು?"

ಅವರನ್ನು ಎಳೆದುಕೊಂಡೇ ಓಡಿ ಮೇನ್ ಸ್ವಿಚ್ ಇಳಿಸಿದೆ. ಫ್ಯಾನು ನಿಂತಿತು, ಗುಂಯ್ ನಿಂತಿತು. ಆ ಮೌನದಲ್ಲಿ ಪೇಪರಿನ ಹಿಂದಿನಿಂದ ನನ್ನ ಗಂಡ ಬಿಳುಚಿಕೊಂಡ ಮುಖ ಹೊರಗೆ ಹಾಕಿ ಕೇಳಿದರು:

"ನಿನಗೆ ಹೇಗೆ ಗೊತ್ತಾಯಿತು?"

ನಾನು ಸುಳ್ಳು ಹೇಳಿದ್ದೆ. ನನಗೇನೂ ಗೊತ್ತಿರಲಿಲ್ಲ.

"ಒಂದೇ ಸಲ ಅಮ್ಮ," ಎಂದರು ಅವರು ಎದ್ದು ನಿಂತು. "ಆಫೀಸಿನಲ್ಲಿ ಯಾರೋ ಆಮ್ಲೆಟ್ ತಂದಿದ್ದರು. ನನ್ನ ಡಬ್ಬಿಗೆ ಹಾಕಿಬಿಟ್ಟರು. ಕೆಳಗಿನ ಅಟ್ಟದಲ್ಲೇ ಇಟ್ಟಿದ್ದೇನೆ!"

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ತಾಗಿಸಿದಾಗ ಅದರ ಕೆಂಪು ದೀಪ ಯಂತ್ರದ ಮೈಯಲ್ಲೆಲ್ಲ ಉರಿಯಿತು. ಒಳಗೆ ನೀರು ಜಿನುಗಿ ತಂತಿಯೊಂದನ್ನು ಸೇರಿತ್ತು. ಮೈಗೆ ಬಂದ ಕರೆಂಟನ್ನು ಭೂಮಿಗೆ ಒಯ್ಯಬೇಕಾದ ದಾರಿ ಆ ಮೂರನೆಯ ತೂತಿನ ಹಿಂದೆ ಇರಲೇ ಇಲ್ಲ. ಅತ್ತೆ ಒದ್ದೆ ಸೀರೆಯಲ್ಲೇ ಮುಟ್ಟಹೋದದ್ದನ್ನು ಹೇಳಿದರೆ "ಗೀಲೇ ಕಪಡೇ ಮೇ?" ಎಂದು ಕೇಳಿ, ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಆತ ಕೈ ಮುಗಿದ. ಅವರಿಗೋ ಯಾವ ದೇವರಿಗೋ ತಿಳಿಯಲಿಲ್ಲ. ಅತ್ತೆ ಅವನ ಮಾತು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ. ಮೊಟ್ಟೆಯ ಡಬ್ಬಿ ಮೊದಲು ಹೊರಗೆ ತೆಗೆಯಲಿ," ಎಂದರು.

ತಂತಿ ಹಾಕಿಸಿ, ಬೇರೆ ಯಂತ್ರ ತರುವ ಮಾತಿಗೆ ಅವರು ಒಪ್ಪಲಿಲ್ಲ. ಹಿಂದಿರುಗಿಸಲು ಕಾರಣವೇನೆಂದು ಕಂಪನಿಯಿಂದ ಫೋನು ಬಂದಾಗ ನನ್ನ ಕೈಯಿಂದ ಕಸಿದುಕೊಂಡು, ತಮಗೆ ಬರುವ ಹಿಂದಿಯಲ್ಲಿ "ಅಂಡಾ" ಎಂದು ಹೇಳಿ ಇಟ್ಟುಬಿಟ್ಟರು.

ಕಂಪನಿಯವರು ಯಂತ್ರ ಒಯ್ದ ದಿನ ಕೆಲಸದಾಕೆಗೆ ಎಲ್ಲ ವಿವರಿಸಿದೆ. ಅವಳು ಖಾಲಿ ಜಾಗದ ಮುಂದೆ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಹಂಗಾರ ಅದಕ್ಕ ನಾ ಯಾರಂತ ಗೊತ್ತಿರಲಿಲ್ಲ ಅನ್ರಿ."

"ಇಲ್ಲ. ಬರಿಗಾಲಿನವರೆಲ್ಲ ಅದಕ್ಕೆ ಒಂದೇ."

"ಈಗ ತಿಳೀತು ಬಿಡ್ರಿ," ಎಂದಳು. ಯಂತ್ರ ಇದ್ದ ಜಾಗವನ್ನು ಅಂದು ಎರಡು ಸಲ ಒರೆಸಿದಳು. ಪಾತ್ರೆಯ ಕೆಲಸ ಮತ್ತೆ ಅವಳದೇ ಆಯಿತು.

ನಾನು ಈಗ ಫ್ರಿಜ್ಜಿನ ಬಾಗಿಲನ್ನೂ, ಲಿಫ್ಟಿನ ಜಾಲರಿಯನ್ನೂ ಮೊದಲು ಬೆರಳ ಹಿಂಬದಿಯಿಂದ ತಟ್ಟಿ ನೋಡಿಯೇ ಹಿಡಿಯುವುದು. ಆಫೀಸಿನಲ್ಲಿ ನಗುತ್ತಾರೆ. ಅತ್ತೆಗೆ ಹೊಸ ರಬ್ಬರ್ ಚಪ್ಪಲಿ ಎರಡು ಜೊತೆ ತಂದಿಟ್ಟಿದ್ದೇನೆ. ಕಪಾಟಿನಲ್ಲಿ ಇನ್ನೊಂದು ಜೊತೆ ಇದೆ, ಅದು ಅವರಿಗೆ ಗೊತ್ತಿಲ್ಲ.

ಊರಿನಿಂದ ಯಾರು ಬಂದರೂ ಅತ್ತೆ ಆ ಭಾನುವಾರದ ಕಥೆ ಹೇಳುತ್ತಾರೆ. ಕೈ ಚಾಚಿ ತೋರಿಸುತ್ತಾರೆ, ಹಾರಿದ್ದನ್ನು ಕೂತಲ್ಲೇ ಹಾರಿ ತೋರಿಸುತ್ತಾರೆ. ಅವರ ಕಥೆಯಲ್ಲಿ ಕರೆಂಟು ಬರುವುದೇ ಇಲ್ಲ. "ಇನ್ನೊಂದು ಚೂರಿಗೆ ಮೊಟ್ಟೆ ತಾಗಿ ಹೋಗುತ್ತಿತ್ತು ನನಗೆ, ಇವಳಿದ್ದಳು, ಉಳಿಸಿದಳು," ಎಂದು ಮುಗಿಸುತ್ತಾರೆ. ನಾನು ತಿದ್ದುವುದಿಲ್ಲ. ಅಡುಗೆಮನೆಯಲ್ಲಿ ನಿಂತು, ಕಾಫಿ ಆರಿದರೂ, ಅವರು ಹೇಳಿ ಮುಗಿಸುವವರೆಗೆ ಆ ಸ್ವರ ಕೇಳಿಸಿಕೊಳ್ಳುತ್ತೇನೆ.