ಪರದೇಶ ವಿಚಾರದ ಉಡುಪರು

ಉಡುಪರು ಯಾವ ದೇಶದ ಹೆಸರನ್ನೂ ಬಾಯಲ್ಲಷ್ಟೇ ಹೇಳಿ ಬಿಟ್ಟವರಲ್ಲ. ಕುಡಿಯುವ ನೀರಿನ ಲೋಟಕ್ಕೆ ತೋರುಬೆರಳನ್ನು ಅದ್ದಿ, ಸನ್ಮೈಕಾ ಮೇಜಿನ ಮೇಲೆ ಆ ದೇಶವನ್ನು ಬರೆದೇ ಮಾತು ಶುರು ಮಾಡುತ್ತಿದ್ದರು. ಮೊದಲು ಕರಾವಳಿ, ಆಮೇಲೆ ಗಡಿ, ಒಂದು ನದಿ, ರಾಜಧಾನಿಗೆ ಒಂದು ಹನಿ. ಫ್ಯಾನಿನ ಗಾಳಿಗೆ ಎರಡು ಮೂರು ನಿಮಿಷದಲ್ಲಿ ಗಡಿ ಆರಲು ತೊಡಗುತ್ತಿತ್ತು. “ನೋಡಿ, ಹೋಗ್ತಾ ಉಂಟು,” ಎಂದು ನಗುತ್ತಿದ್ದರು. “ದೇಶ ಇರುವಾಗಲೇ ಹೇಳ್ಲಿಕ್ಕಿದ್ದದ್ದು ಹೇಳಿ ಮುಗಿಸಿ.”

ಅವರು ಮುಂಬಯಿ ಹತ್ತಿರದ ವಾಗ್ಳೆ ಎಸ್ಟೇಟಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಾನು ಅವರ ಕೈಕೆಳಗೆ ಕೆಲಸ ಕಲಿತವನು. ಕಂಪ್ಯೂಟರ್ ಬಂದು ಡ್ರಾಯಿಂಗ್ ಬೋರ್ಡುಗಳು ಗುಜರಿಗೆ ಹೋದ ಮೇಲೂ ಅವರ ಬೆರಳಿನ ತುರಿಕೆ ಹೋಗಲಿಲ್ಲ. ಒಮ್ಮೆ ದೂರದ ಒಂದು ದೇಶದಲ್ಲಿ ಗಲಾಟೆಯಾಗಿ, ಅಲ್ಲಿನ ಆರ್ಡರ್ ರದ್ದಾಯಿತು. ನಮ್ಮ ವಿಭಾಗದ ಅರ್ಧ ಜನ ಒಂದೇ ತಿಂಗಳಲ್ಲಿ ಮನೆಗೆ ಹೋದರು. ಉಡುಪರ ಕೆಲಸ ಉಳಿಯಿತು, ನೆಮ್ಮದಿ ಉಳಿಯಲಿಲ್ಲ. “ಹನ್ನೊಂದು ವರ್ಷ ಆ ದೇಶಕ್ಕೆ ವಾಲ್ವ್ ಬರೆದೆ ಮಾರಾಯ. ಅದು ಎಲ್ಲುಂಟು ಅಂತಲೇ ನಂಗೆ ಗೊತ್ತಿರ್ಲಿಲ್ಲ,” ಎಂದು ಕ್ಯಾಂಟೀನಿನಲ್ಲಿ ಕೂತು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಆ ನಾಚಿಕೆಯಿಂದಲೇ ಮುಂದೆ ನಮ್ಮ ಮಂಡಳಿ ಹುಟ್ಟಿತು.

ರಿಟೈರ್ ಆದ ಮೇಲೆ ಡೊಂಬಿವಲಿಯ ಅವರ ಹೌಸಿಂಗ್ ಸೊಸೈಟಿಯ ಆಫೀಸ್ ಕೋಣೆಯಲ್ಲಿ, ರವಿವಾರ ಸಂಜೆ ನಾಲ್ಕಕ್ಕೆ, ನಾವು ಎಂಟು ಜನ ಸೇರತೊಡಗಿದೆವು. ಹೆಸರಿಗೆ ಅವರು “ವಿದೇಶಾಂಗ ಅಧ್ಯಯನ ಕೇಂದ್ರ” ಎಂದು ಬರೆದಿಟ್ಟಿದ್ದರು. ಸರಕಾರಿ ಸುತ್ತೋಲೆಯ ಹಾಗಿದೆ, ಯಾರೂ ಬರುವುದಿಲ್ಲ ಎಂದು ನಾನೇ ಹಟ ಹಿಡಿದು “ಪರದೇಶ ವಿಚಾರ ಮಂಡಳಿ” ಮಾಡಿಸಿದೆ.

“ನಮ್ಮ ಬದಿಯಲ್ಲಿ ಪರದೇಶಿ ಅಂದ್ರೆ ದಿಕ್ಕಿಲ್ಲದವ ಅಂತ ಅಲ್ವಾ?” ಎಂದರು ಉಡುಪರು.

“ಪರದೇಶಿ ಅಲ್ಲ ಸರ್, ಪರದೇಶ,” ಎಂದೆ, ಭಾರೀ ಜಾಣನಂತೆ. ತಗಡಿನ ಬೋರ್ಡಿನ ಮೇಲೆ ನಾನೇ ಕನ್ನಡದಲ್ಲಿ ಬರೆದು ಗೇಟಿಗೆ ಕಟ್ಟಿದೆ.

ಮಂಡಳಿಯಲ್ಲಿ ಅವರು ಹೇಳಿದ್ದೇ ಕಾನೂನು. ಮೊಬೈಲಿನ ಫಾರ್ವರ್ಡ್‌ಗಳನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರಬೇಕು. ಒಂದು ದೇಶದ ಬಗ್ಗೆ ಬಾಯಿ ಬಿಡುವ ಮೊದಲು, ಅಲ್ಲಿಯ ಬಡವರು ಬೆಳಿಗ್ಗೆ ಏನು ತಿನ್ನುತ್ತಾರೆಂದು ಹೇಳಬೇಕು. ಗೊತ್ತಿಲ್ಲದವರು ಆ ದಿನ ಕೇಳುತ್ತ ಕೂರಬೇಕು, ಅಷ್ಟೆ. “ಅವನ ತಿಂಡಿ ಗೊತ್ತಿಲ್ಲ, ಅವನಿಗೆ ಬುದ್ಧಿ ಹೇಳ್ಲಿಕ್ಕೆ ಹೊರಟದ್ದಾ?” ಎಂದು ಗದರುತ್ತಿದ್ದರು. ಸ್ಟೇಷನ್ ಹತ್ತಿರ ಉಡುಪಿ ಹೋಟೆಲ್ ನಡೆಸುವ ಪ್ರಭಾಕರ ರಾಯರಿಗೆ ಇದು ಹಬ್ಬ. ಯಾವ ಖಂಡದ ಗಂಜಿಯನ್ನು ಕೇಳಿದರೂ ಅವರಲ್ಲಿ ಉತ್ತರವಿತ್ತು. ನನಗೆ ಅನೇಕ ವಾರ ಬಾಯಿಗೆ ಬೀಗ. ಹೊರಗೆ ಎಲ್ಲರೂ ಯುದ್ಧವನ್ನು ಕ್ರಿಕೆಟ್ಟಿನಂತೆ ಮಾತಾಡುವ ಕಾಲದಲ್ಲಿ, ಆ ಕೋಣೆಯಲ್ಲಿ ಮಾತ್ರ ಮನುಷ್ಯರು ಸ್ವಲ್ಪ ಅಳೆದು ಮಾತಾಡುತ್ತಿದ್ದರು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು, ತುಸು ಹೆಚ್ಚಾಗಿಯೇ ಇತ್ತು.

ಆಗ ಕೊಲ್ಲಿಯ ಕಡೆ ಬಾಂಬು ಬೀಳಲು ಶುರುವಾಯಿತು. ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಮೊದಲು ಪಕ್ಷ ಹಿಡಿಯುತ್ತಾರೆ, ಅದು ಉಡುಪರಿಗೆ ಆಗುತ್ತಿರಲಿಲ್ಲ. ಅದು ಶುರುವಾದ ಎರಡನೆಯ ರವಿವಾರ ಅವರು ಮೇಜಿನ ಮೇಲೆ ಆ ಕರಾವಳಿಯನ್ನು ಬರೆದು ಮುಗಿಸುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ಕೂದಲಲ್ಲಿ ಸಿಮೆಂಟಿನ ಧೂಳು. ಹೆಸರು ಶಾಂತವ್ವ, ಕಲಬುರಗಿ ಕಡೆಯವರು, ಹತ್ತಿರದ ದಿವಾ ಸ್ಟೇಷನ್ನಿನ ಕಡೆ ಒಂದು ಖೋಲಿಯಲ್ಲಿ ವಾಸ. ಎದುರಿನ ಹೊಸ ಕಟ್ಟಡದಲ್ಲಿ ಕೆಲಸ.

“ನಮ್ಮ ಮನಿಯವ್ರು ಅಲ್ಲಿ ಅದಾರ್ರೀ,” ಎಂದರು. “ಎಂಟು ದಿನಾ ಆಯ್ತು, ಫೋನ್ ಹತ್ತವಲ್ದು. ಹೊರಗ ಬೋರ್ಡ್ ಓದಿದೆ. ಪರದೇಶಕ್ಕ ಹೋದೋರ ವಿಚಾರ ಮಾಡ್ತೀರಂತ ಬಂದೆ.”

ನಾನು ಬಾಯಿ ಹಾಕಿದೆ. “ಇಲ್ಲಮ್ಮ, ನಾವು ಚರ್ಚೆ ಮಾಡುವವರು. ವಿಚಾರ ಅಂದ್ರೆ ಆ ವಿಚಾರ ಅಲ್ಲ.”

ಆಕೆಗೆ ಅರ್ಥವಾಗಲಿಲ್ಲ. “ಹಂಗಾರ ನೀವು ಏನ್ ವಿಚಾರ ಮಾಡ್ತೀರಿ?” ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದ್ದು.

ಉಡುಪರು ಎದ್ದು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ಆಮೇಲೆ, ಕಾನೂನು ಕಾನೂನೇ ಎಂಬಂತೆ, ಕೇಳಿದರು: “ಅವರು ಅಲ್ಲಿ ಬೆಳಿಗ್ಗೆ ತಿಂಡಿಗೆ ಎಂತ ತಿಂತಾರಮ್ಮ?”

“ಖುಬ್ಬೂಸ್ ಅಂತ ಕೊಡ್ತಾರಂತ್ರಿ, ಚಾದಾಗ ಅದ್ಕೊಂಡು ತಿಂತಾರ. ರೊಟ್ಟಿ ಹಂಗೇ ಇರ್ತದ, ಆದ್ರ ಜ್ವಾಳದ ವಾಸನಿ ಇಲ್ಲ ಅಂತ ದಿನಾ ಹೇಳ್ತಿದ್ರು.”

ಉಡುಪರು ನಮ್ಮ ಕಡೆ ತಿರುಗಿದರು. “ಇವತ್ತು ಮಾತಾಡುವ ಹಕ್ಕು ಇವರೊಬ್ಬರಿಗೇ,” ಎಂದರು. ಮೇಜಿನ ಮೇಲಿನ ದೇಶ ಅಷ್ಟರಲ್ಲಿ ಆರಿಹೋಗಿತ್ತು.

ಶಾಂತವ್ವನ ಬಳಿ ಇದ್ದದ್ದು ಗಂಡ ಶರಣಪ್ಪನ ಹೆಸರು ಮತ್ತು ಮೊಬೈಲಿನಲ್ಲಿ ಒಂದು ಫೋಟೋ. ಅವನನ್ನು ಅಲ್ಲಿಗೆ ಕಳಿಸಿದ ಏಜೆಂಟನ ನಂಬರು ಬಂದ್. ಫೋಟೋದಲ್ಲಿ ಶರಣಪ್ಪ ಹಳದಿ ಹೆಲ್ಮೆಟ್ಟು ಹಾಕಿ ಒಂದು ದಪ್ಪ ಪೈಪಿಗೆ ಒರಗಿ ನಗುತ್ತಿದ್ದ. ಉಡುಪರು ಅವನ ಮುಖಕ್ಕಿಂತ ಹೆಚ್ಚು ಹೊತ್ತು ಪೈಪಿನ ವಾಲ್ವನ್ನು ನೋಡಿದರು. “ಈ ಜಾತಿಯ ವಾಲ್ವ್ ನಾನು ಬರೆದದ್ದುಂಟು. ಇದು ಸಮುದ್ರದ ನೀರು ಸಿಹಿ ಮಾಡುವ ಕಡೆಗೆ ಹೋಗುವಂಥದ್ದು,” ಎಂದರು. ಅಂಥ ಘಟಕಗಳು ಆ ತೀರದಲ್ಲಿ ಮೂರು ಇವೆಯೆಂದು ಹುಡುಕಿ ತೆಗೆದರು. ಮೂರಕ್ಕೂ ಕಾಗದ ಬರೆದರು. ಪ್ರತಿ ಮಂಗಳವಾರ ಲೋಕಲ್ ಹಿಡಿದು ಮುಂಬಯಿಯ ಕಚೇರಿಗಳಿಗೆ ಅಲೆದರು. ರವಿವಾರ ನಾಲ್ಕಕ್ಕೆ ಶಾಂತವ್ವನಿಗೆ ವರದಿ ಒಪ್ಪಿಸುವುದೇ ಮಂಡಳಿಯ ಕೆಲಸವಾಯಿತು.

ಮೊದಮೊದಲು ಬಂದ ಉತ್ತರ ಒಂದೇ, ಒಂದೇ ಸಾಲಿನದು: ಈ ಹೆಸರಿನವರು ನಮ್ಮ ಪಟ್ಟಿಯಲ್ಲಿಲ್ಲ. ಉಡುಪರು ಅದನ್ನು ಅದೆಷ್ಟು ಸಲ ಓದಿದರೋ. “ಯಾವ ಪಟ್ಟಿ ಮಾರಾಯ? ಬದುಕಿದವರದ್ದಾ, ಸತ್ತವರದ್ದಾ? ಅಷ್ಟಾದ್ರೂ ಬರೀಬೇಕಲ್ವಾ?” ಎಂದು ಕಾಗದವನ್ನು ನನ್ನ ಮುಂದೆ ಹಿಡಿದರು. ಅವರು ಹಾಗೆ ಕಂಗೆಟ್ಟಿದ್ದನ್ನು ನಾನು ಮೊದಲ ಸಲ ಕಂಡೆ.

ಜನ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಪ್ರಭಾಕರ ರಾಯರು ಬಾಯಿಬಿಟ್ಟು ಹೇಳಿದರು: “ಉಡುಪರೇ, ನೀವು ಮಾಡ್ತಿರುವುದು ಪುಣ್ಯದ ಕೆಲಸ. ಆದ್ರೆ ನಾವು ಸೇರಿದ್ದು ಇದಕ್ಕಲ್ಲ ಅಲ್ವಾ?” ಕನಿಷ್ಠ ಅವರು ಹೇಳಿ ಹೋದರು. ನಾನು ಅದನ್ನೂ ಮಾಡಲಿಲ್ಲ. ಬೇರೆ ರೈಲು ಲೈನಿನ ಕಾಮೋಠೆಗೆ ಮನೆ ಬದಲಾಯಿಸಿದ್ದೆ. ರವಿವಾರದ ಮೆಗಾ ಬ್ಲಾಕ್ ಎಂಬುದು ನಮ್ಮ ಕಡೆಯವರಿಗೆ ದೇವರು ಕೊಟ್ಟ ನೆಪ. ಹಳಿ ರಿಪೇರಿ ಸರ್, ಗಾಡಿ ಇಲ್ಲ ಸರ್ ಎಂದರೆ ಮುಗಿಯಿತು. ನಿಜ ಹೇಳಬೇಕೆಂದರೆ ನನಗೆ ಆ ಹೆಂಗಸಿನ ಮುಖ ನೋಡಲು ಆಗುತ್ತಿರಲಿಲ್ಲ. ಯುದ್ಧದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನು, ಆ ಯುದ್ಧದಲ್ಲಿ ಸಿಕ್ಕವನ ಹೆಂಡತಿ ಎದುರಿಗೆ ಕೂತರೆ ಬಾಗಿಲ ಕಡೆ ನೋಡುತ್ತಿದ್ದೆ.

ಕೊನೆಯ ಸಲ ಉಡುಪರು ಫೋನ್ ಮಾಡಿದ್ದು ಒಂದು ರವಿವಾರ ಮಧ್ಯಾಹ್ನ. “ಇವತ್ತು ಬರ್ತೀಯಾ?”

“ಬ್ಲಾಕ್ ಉಂಟು ಸರ್.”

“ಇವತ್ತು ನಿಮ್ಮ ಲೈನಿಗೆ ಬ್ಲಾಕ್ ಇಲ್ಲ ಮಾರಾಯ. ನಾನು ನೋಡಿಯೇ ಫೋನ್ ಮಾಡಿದ್ದು. ಆಗ್ಲಿ, ಮುಂದಿನ ವಾರ ಬಾ,” ಎಂದು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆ ಗುರುವಾರ ಬೆಳಿಗ್ಗೆ ಹಾಲು ತರಲು ಮೆಟ್ಟಿಲಿಳಿಯುತ್ತಿದ್ದವರು ಅಲ್ಲೇ ಕುಸಿದು ಕುಳಿತರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಅವರು ಬಾ ಎಂದಿದ್ದ ಆ ಮುಂದಿನ ವಾರ ನಿಜವಾಗಿಯೂ ಮೆಗಾ ಬ್ಲಾಕ್ ಇತ್ತು. ಎರಡು ಬಸ್ಸು ಬದಲಿಸಿ ಹೋದೆ. ಬೋರ್ಡ್ ತೆಗೆದು, ನನ್ನ ಬಳಿಯಿದ್ದ ಇನ್ನೊಂದು ಕೀಲಿಕೈ ಸೊಸೈಟಿಗೆ ಕೊಟ್ಟು ಬರೋಣವೆಂದು. ಕೋಣೆಯ ಬಾಗಿಲು ತೆರೆದಿತ್ತು. ಶಾಂತವ್ವ ಒಬ್ಬರೇ ಮೇಜಿನ ಮುಂದೆ ಕೂತಿದ್ದರು, ಎದುರಿಗೆ ನೀರಿನ ಲೋಟ. ಉಡುಪರ ಕುರ್ಚಿ ಖಾಲಿಯಿತ್ತು.

“ಬೋರ್ಡ್ ಬರದೋರು ನೀವಲ್ರಿ? ಸರ್ ಹೇಳ್ತಿದ್ರು,” ಎಂದರು. “ಸರ್ ಅಂತೂ ಹೋದ್ರು. ಮಂಡಳಿ ಇನ್ನೂ ಅದ ಅಲ್ರಿ?”

ಜೇಬಿನಲ್ಲಿ ಬೋರ್ಡ್ ಬಿಚ್ಚಲು ತಂದ ಇಕ್ಕಳ ತೊಡೆಗೆ ಒತ್ತುತ್ತಿತ್ತು. ಆಕೆ ಲೋಟಕ್ಕೆ ಬೆರಳು ಅದ್ದಿ ಮೇಜಿನ ಮೇಲೆ ಬರೆಯತೊಡಗಿದರು. ಅದೇ ಕರಾವಳಿ, ಒಂದು ಕೊಂಕೂ ತಪ್ಪದೆ. ಉಡುಪರು ಕಲಿಸಿರಬೇಕು. ತೀರದುದ್ದಕ್ಕೂ ಮೂರು ಹನಿ ಇಟ್ಟು, ಮೊದಲ ಎರಡನ್ನು ಒರೆಸಿದರು. “ಇವೆರಡೂ ಸರ್ ಕೇಳಿ ಮುಗಿಸ್ಯಾರ, ಹೋದ ತಿಂಗಳ ಎರಡನೇದೂ ಇಲ್ಲ ಅಂತ ಬಂತು. ಇದೊಂದು ಉಳದದ,” ಎಂದರು.

ಬಡಗಣ ಗಡಿ ಆಗಲೇ ಆರತೊಡಗಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಗಮನಿಸಿದ ಶಾಂತವ್ವ ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿ ಬಂದು ಕೂತರು. ಉಡುಪರ ಕುರ್ಚಿಯನ್ನು ನನ್ನ ಕಡೆ ಸರಿಸಿದರು.

“ಈಗ ಸಾವಕಾಶ ವಿಚಾರ ಮಾಡ್ರಿ,” ಎಂದರು.