ಅತ್ತಿಗೆಯ ಅಳತೆಯ ಸೀಟು

ಕಾರು ಓಟದ ಹಿಂದಿನ ದಿನದ ತಪಾಸಣೆಯಲ್ಲಿ, ಹತ್ತು ಎಣಿಸುವುದರೊಳಗೆ ಚಾಲಕ ತಾನಾಗಿಯೇ ಕಾರಿನಿಂದ ಹೊರಬರಬೇಕು. ಬೆಂಕಿಗಿಂಕಿ ಹತ್ತಿಕೊಂಡರೆ ಅಂತ. ನಮ್ಮ ಸೀಟಣ್ಣ ಸ್ಟೀರಿಂಗಿನ ಕೆಳಗೆ ಮಂಡಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ. ತಪಾಸಣೆಯವರು ದಯೆಯಿಂದ ಹನ್ನೊಂದು, ಹನ್ನೆರಡು ಎಂದು ಎಣಿಸುತ್ತಲೇ ಹೋದರು. ಕೊನೆಗೆ ಇಬ್ಬರು ಕಂಕುಳಿಗೆ ಕೈಹಾಕಿ ಎಳೆದರು. ಪರ್ರ್ ಎಂದಿತು. ಸೀಟಣ್ಣ ಬಂದ, ಪ್ಯಾಂಟಿನ ಹಿಂಭಾಗ ಪೂರ್ತಿ ಬರಲಿಲ್ಲ. ಊರಿನ ವಾಹನಗಳಿಗೆಲ್ಲ ಸೀಟು ಹೊಲಿದು ಆ ಹೆಸರು ಗಳಿಸಿದವನ ಸ್ವಂತ ಸೀಟೇ ಹರಿದಿತ್ತು.

"ಸೀಟು ಹಿಂದಕ್ಕೆ ಸರಿಸಿಕೊಂಡು ಸಂಜೆಯೊಳಗೆ ಬನ್ನಿ. ಇಲ್ಲಾಂದ್ರೆ ನಾಳೆ ಬಿಡಲ್ಲ," ಅಂದರು ತಪಾಸಣೆಯವರು.

"ಸರಿಯಲ್ಲ ಸಾರ್. ನೆಲಕ್ಕೆ ಬೆಸೆದಿದೆ."

"ಇಷ್ಟು ಮುಂದಕ್ಕಾ? ಯಾವ ಮಹಾನುಭಾವ ಬೆಸೆದಿದ್ದು?"

ಸೀಟಣ್ಣ ಹರಿದ ಜಾಗವನ್ನು ಕೈಯಿಂದ ಮುಚ್ಚಿಕೊಂಡು ಕಾರಿನ ಹಿಂದಕ್ಕೆ ಸರಿದ.

ಕಾರನ್ನು ಗುಜರಿಯಿಂದ ತಂದವಳು ಅವನ ಹೆಂಡತಿ. ಹೊಗೆಯನ್ನೂ ಎಣ್ಣೆಯನ್ನೂ ಕಾರುತ್ತಿದ್ದುದರಿಂದ ಅದನ್ನು ಕಾರು ಎನ್ನಬಹುದಿತ್ತು, ಬೇರೆ ಆಧಾರವಿರಲಿಲ್ಲ. ಶಾಲೆಯ ವ್ಯಾನ್ ಓಡಿಸುತ್ತಿದ್ದ ಆ ಚಾಲಾಕಿ ಚಾಲಕಿಗೆ, ಹಿಂದೆ ಮಕ್ಕಳ ಕಿರುಚಾಟವಿಲ್ಲದೆ ಒಂದು ದಿನವಾದರೂ ಜೋರಾಗಿ ಓಡಿಸಬೇಕೆಂಬ ಆಸೆ. ಹವ್ಯಾಸಿಗಳಿಗೆ ದಿನವಿಡೀ ನಡೆಯುವ ಓಟವೊಂದಿದೆ ಎಂದು ಕೇಳಿದ್ದೇ ತಡ, ಗಂಡನನ್ನೂ ವೆಲ್ಡಿಂಗ್ ಅಂಗಡಿಯ ಮೈದುನನನ್ನೂ ಕೆಲಸಕ್ಕೆ ಹಚ್ಚಿದಳು. ಕಾರು ಹಗುರಾಗಲೆಂದು ಹಿಂದಿನ ಸೀಟು, ನೆಲದ ಹಾಸು ಎಲ್ಲ ಕಿತ್ತರು. ಚಾಲಕನ ಸೀಟು ಜಾರುವ ಹಳಿಯನ್ನೂ ತೆಗೆದು, ನೆಲಕ್ಕೇ ಬೆಸೆಯುವುದೆಂದಾಯಿತು. ಇಬ್ಬರು ಓಡಿಸುವುದಾದರೆ ಉದ್ದದವರ ಅಳತೆಗೆ ಸೀಟು, ಗಿಡ್ಡದವರ ಬೆನ್ನಿಗೆ ದಿಂಬು. ಎಲ್ಲರೂ ಮಾಡುವುದು ಹಾಗೆ.

"ದಿಂಬಾ? ನಾನೇನು ಬಾಣಂತಿನಾ?" ಅಂದಳು ಗಿಡ್ಡದವಳು.

"ಅಲ್ವೇ, ನನ್ನ ಕಾಲು ಎಲ್ಲಿಡ್ಲಿ?"

"ಬಾಲ ಮುದುರಿಕೊಂಡು ಅಭ್ಯಾಸ ಇದೆಯಲ್ಲ. ಕಾಲೂ ಮುದುರಿಕೊಳ್ಳಿ."

ಮೈದುನ ನಗುನಗುತ್ತಲೇ ಅತ್ತಿಗೆಯ ಅಳತೆಗೆ ಬೆಸೆದ.

ಆಮೇಲೆ ಅವಳು ಜ್ವರವೆಂದು ಆಸ್ಪತ್ರೆಗೆ ಹೋದಳು. ತಿರುಗಿ ಬಂದದ್ದು ವ್ಯಾನಿನಲ್ಲಿ, ಮಲಗಿಕೊಂಡು. ಯಾರೋ ಅದನ್ನು ತೀರಾ ನಿಧಾನವಾಗಿ ಓಡಿಸಿದರು.

ಓಟಕ್ಕೆ ಹೋಗಲೇಬೇಕು ಅಂದವನು ಸೀಟಣ್ಣ; ಸೀಟು ಮುಟ್ಟಕೂಡದು ಅಂದವನೂ ಅವನೇ. ಅವಳ ಬಟ್ಟೆ, ಚಪ್ಪಲಿಗಳನ್ನು ನಾದಿನಿಯರು ಹಂಚಿಕೊಂಡು ಹೋಗಿದ್ದರು. ಅವಳ ಅಳತೆ ಅಂತ ಉಳಿದದ್ದು ಇದೊಂದೇ.

"ಅಣ್ಣ, ಕೊಯ್ಲಾ?" ಸಂಜೆಯ ಗಡುವು ಹತ್ತಿರವಾದಾಗ ತಮ್ಮ ಕಟಿಂಗ್ ಮಷಿನ್ ಹಿಡಿದು ಬಂದ.

"ತಡಿಯೋ. ಇನ್ನೊಂದ್ಸಲ ನೋಡ್ತೀನಿ." ಕೂತ. ಮತ್ತೆ ಸಿಕ್ಕಿಕೊಂಡ.

"ಅತ್ತಿಗೆ ಇದ್ದಿದ್ರೆ ಏನಂತಿದ್ರು ಹೇಳು? ಕಾರು ಇಲ್ಲಿವರೆಗೆ ಬಂದು ಓಡದೆ ನಿಂತ್ರೆ, ನಮ್ಮಿಬ್ಬರನ್ನೂ ಓಡಿಸ್ತಿದ್ರು."

ಸೀಟಣ್ಣ ಎರಡೂ ಕೈ ಚಾಚಿದ. "ಎಳಿ ನನ್ನ ಹೊರಗೆ," ಅಂದ. "ನೀನೇ ಕೊಯ್ಯಿ. ನಾನು ಆ ಕಡೆ ತಿರುಗಿರ್ತೀನಿ."

ಬೆಸುಗೆ ಬಿಡಲು ತುಂಬ ಹೊತ್ತು ಹಿಡಿಯಿತು. ಅಷ್ಟು ಪ್ರೀತಿಯಿಂದ ಹಾಕಿದ್ದ. ತಮ್ಮ ಕಣ್ಣೊರೆಸಿಕೊಂಡು, ಕಿಡಿ ಸಿಡಿಯಿತು ಅಂದ. ಕೊಯ್ಯುವಷ್ಟು ಹೊತ್ತೂ ದಪ್ಪ ಕನ್ನಡಕ ಹಾಕಿಕೊಂಡೇ ಇದ್ದ.

ಸೀಟನ್ನು ಹಿಂದಕ್ಕೆ ಸರಿಸಿ ಬೆಸೆದ ಮೇಲೆ, ಮರುತಪಾಸಣೆಯಲ್ಲಿ ಸೀಟಣ್ಣ ಸಲೀಸಾಗಿ ಇಳಿದ. ಮರುದಿನ ಅಣ್ಣತಮ್ಮಂದಿರು ಸರದಿಯ ಮೇಲೆ ಓಡಿಸಿದರು. ಥಳಥಳಿಸುವ ಎಷ್ಟೋ ಕಾರುಗಳು ನಡುದಾರಿಯಲ್ಲಿ ಕೂತವು. ಇದು ಮಾತ್ರ ಕೆಮ್ಮುತ್ತಲೇ ಕೊನೆಯವರೆಗೂ ಓಡಿ, ಬಾಲದ ತುದಿಯಲ್ಲೊಂದು ಜಾಗ ಹಿಡಿಯಿತು.

ತಮ್ಮ ಎಲ್ಲರಿಗೂ ಅತ್ತಿಗೆಯ ವಿಷಯ ಹೇಳಿಬಿಟ್ಟಿದ್ದ. ಮೈಕಿನವರು ಗಂಟಲು ಭಾರ ಮಾಡಿಕೊಂಡೇ ಬಂದರು. "ಹೇಳಿ ಸಾರ್, ಅಷ್ಟು ಹೊತ್ತು ಓಡಿಸುವಾಗ ನಿಮ್ಮ ಮನಸ್ಸಲ್ಲಿ ಯಾರಿದ್ರು?"

ಜನ ಹತ್ತಿರ ಸರಿದರು. ಸೀಟಣ್ಣ ನಿಜಕ್ಕೂ ನೆನಪಿಸಿಕೊಳ್ಳಲು ನೋಡಿದ.

"ಯಾರೂ ಇಲ್ಲ ಸಾರ್," ಅಂದ. "ಕಾಲು ಚಾಚಿಕೊಂಡಿದ್ದೆ. ತುಂಬ ಆರಾಮಾಗಿತ್ತು."